ವಿಭೂತಿಯ ಬಿಳುಪು

ಪ್ರಿಂಟರಿನ ಬಾಯಿಂದ ಮೊದಲು ಅಂದಪ್ಪ ಸಾವಕಾರನ ರುಮಾಲು ಹೊರಬಂತು. ಆಮೇಲೆ ಹಣೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮುಚ್ಚಿದ ಕಣ್ಣು. ಕಡೆಗೆ ತುಟಿ.

"ನೋಡ್ರಿ, ಮತ್ತ ಎಲಿ ಅಡಿಕಿ ಹಾಕ್ಕೊಂಡು ಕುಂತಾರ," ಎಂದಳು ಅವನ ಹೆಂಡತಿ ಗದಿಗೆವ್ವ. "ಸತ್ತ ಗಂಡನ್ನ ಇನ್ನೆಷ್ಟ ಸಲ ನಗಿಗೀಡು ಮಾಡ್ತೀರಿ?"

ಪಿಎಸ್‌ಐ ದುರ್ಗಾ ಕಾಗದದ ಮೇಲೆ ಬಗ್ಗಿದಳು. ಹೂಳಿ ತಿಂಗಳಾಗುತ್ತ ಬಂದ ಅಂದಪ್ಪ ತಾನಾಗಿ ಸತ್ತವನಲ್ಲ ಎಂದು ಹೆಸರು ಹೇಳದ ಯಾರೋ ಠಾಣೆಗೆ ಫೋನು ಮಾಡಿದ್ದರು. ಆ ಮಾತಿನ ಹಿಂದೆ ಬಿದ್ದ ಅವಳಿಗೆ ಈವರೆಗೆ ದಕ್ಕಿದ್ದು ಈ ಫೋಟೋ ಒಂದೇ.

ಫೋಟೋ ವಿಶೇಷದ್ದೇನಲ್ಲ. ಲಕ್ಷ್ಮೇಶ್ವರದ ಇಂಥ ಮನೆಗಳಲ್ಲಿ ಗೋಡೆಗೊಂದು ಇರುತ್ತದೆ. ಸತ್ತವನಿಗೆ ಜಳಕ ಮಾಡಿಸಿ, ಮಡಿ ಉಡಿಸಿ, ಗೋಡೆಗೆ ಆನಿಸಿ ಕೂಡ್ರಿಸಿ, ಮಗ್ಗುಲಿಗೆ ಹೆಂಡತಿ, ಸುತ್ತ ಮಕ್ಕಳು ಮರಿ ಕೂತು ತೆಗೆಸಿಕೊಳ್ಳುವ ಕೊನೆಯ ಫೋಟೋ. ಮಗ ವೀರೇಶನ ಹೆಂಡತಿ ಸುಶ್ಮಿತಾ ಅದನ್ನು ತನ್ನ ಫೋನಿನಲ್ಲಿ ತೆಗೆದು, ತನ್ನ ಪ್ರಿಂಟರಿನಲ್ಲೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಶಿವಗಣಾರಾಧನೆಯ ದಿವಸ ಪಡಸಾಲೆಯಲ್ಲಿ ಇಟ್ಟಿದ್ದಳು. ಉಣ್ಣಲು ಬಂದವರು ಕೈಮುಗಿಯುವುದು ಬಿಟ್ಟು ಮುಸಿಮುಸಿ ನಕ್ಕರು. ಮಾವನ ತುಟಿಗೆ ಸೊಸೆ ಬಣ್ಣ ಹಚ್ಚಿದ್ದಾಳೆ ಎಂಬ ಮಾತು ಸಾರಿನ ಬಕೀಟಿನ ಜೊತೆಗೇ ಪಂಕ್ತಿಯಿಂದ ಪಂಕ್ತಿಗೆ ಹೋಯಿತು.

ಅಂದಿನಿಂದ ಗದಿಗೆವ್ವ ಸೊಸೆಯ ಕೈಯ ನೀರು ಮುಟ್ಟಿರಲಿಲ್ಲ. ಇವತ್ತು ಶಿರಹಟ್ಟಿಯಿಂದ ಬೀಗ ಪುಂಡಲೀಕಪ್ಪನನ್ನು ಕರೆಸಿಕೊಂಡಿದ್ದಳು, ನಿಮ್ಮ ಮಗಳನ್ನು ನೀವೇ ಒಯ್ಯಿರಿ ಎಂದು. ಆತ ಹೊರಗಿನ ಕಟ್ಟೆಯ ಮೇಲೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಮಗಳ ಟ್ರಂಕು. ಅದರಲ್ಲಿ ಮೊಮ್ಮಗಳ ಒಂದು ಅಂಗಿಯೂ ಇರಲಿಲ್ಲ.

"ಕೂಸು ನಮ್ಮ ಮನಿದು," ಎಂದು ಗದಿಗೆವ್ವ ಹೇಳಿಯಾಗಿತ್ತು. ತಾಯಿ ಹೊಸ್ತಿಲು ದಾಟುವಾಗ ಅತ್ತು ರಂಪ ಮಾಡಬಾರದೆಂದು ಹುಡುಗಿಗೆ ಹೊಟ್ಟೆ ಬಿರಿಯುವಂತೆ ಉಣಿಸಿ ಒಳಕೋಣೆಯಲ್ಲಿ ಮಲಗಿಸಿದ್ದಳು.

ಚಹಾ ಬಂತು. ಪುಂಡಲೀಕಪ್ಪನಿಗೆ ಸ್ಟೀಲಿನ ಲೋಟದಲ್ಲಿ; ದುರ್ಗಾಳಿಗೂ ಪೇದೆ ಯಮನೂರಸಾಬನಿಗೂ ಕಾಗದದ ಕಪ್ಪಿನಲ್ಲಿ. ಮುಂಡರಗಿಯ ಕಡೆ ಕೇರಿಯಲ್ಲಿ ಬೆಳೆದ ದುರ್ಗಾಳಿಗೆ ಕಪ್ಪು ಕಂಡರೆ ಸಾಕು, ಮನೆ ಗೊತ್ತಾಗುತ್ತಿತ್ತು. ಖಾಕಿ ತೊಟ್ಟ ಮೇಲೆ ಕಪ್ಪು ಸ್ವಲ್ಪ ದೊಡ್ಡದಾಗಿತ್ತು, ಅಷ್ಟೆ.

"ಪ್ರಿಂಟರಿನ ತಪ್ಪು ಮೇಡಂ ಅದು," ಎಂದ ವೀರೇಶ. ಮೆಣಸಿನಕಾಯಿ ಅಡತಿ ಅಂಗಡಿಯನ್ನು ಅಪ್ಪನ ಹಿಂದೆ ಈಗ ಅವನೇ ನೋಡಿಕೊಳ್ಳುತ್ತಿದ್ದ. "ಗದಗಿನ ಸ್ಟುಡಿಯೋದಾಗ ಕೇಳಿಕೊಂಡು ಬಂದೀನಿ. ಕಂಪ್ಯೂಟರೂ ಬಣ್ಣ ತಿದ್ದತೈತಿ, ಪ್ರಿಂಟರೂ ತಿದ್ದತೈತಿ. ಇಬ್ಬರೂ ಕೂಡಿ ತಿದ್ದಿದ್ರ ಮಾರಿ ಕೆಂಪಗ ಬರತೈತಂತ. ಇಷ್ಟಕ್ಕ ನೀವು ಜೀಪ ತಗೊಂಡು ಬರೂದಾ?"

"ಅದು ಖರೇನ ಐತ್ರಿ," ಎಂದಳು ಸುಶ್ಮಿತಾ, ಗಂಡನ ಕಡೆ ನೋಡದೆ. "ಅದಕ್ಕ ಪ್ರಿಂಟರ್ ತಿದ್ದೂದು ನಾ ಬಂದ್ ಮಾಡೀನಿ. ಯಾರರ ಒಬ್ಬರ ತಿದ್ದಬೇಕು."

"ಕೇಳಿದ್ರಿಲ್ಲ?" ಗದಿಗೆವ್ವ ದುರ್ಗಾಳ ಕಡೆ ತಿರುಗಿದಳು. "ಒಬ್ಬರ ತಿದ್ದಬೇಕಂತ. ಈ ಮನ್ಯಾಗ ಆ ಒಬ್ಬಾಕಿ ಇಕಿನ. ನಾವೆಲ್ಲಾ ತಪ್ಪು, ಇಕಿ ಮಿಶಿನ್ನು ಒಂದ ಬರೋಬ್ಬರಿ."

"ಬರೋಬ್ಬರಿ ಐತ್ರಿ ಅತ್ತಿ."

"ಬಾಯಿ ಮುಚ್ಚಲೇ," ಎಂದ ವೀರೇಶ.

ದುರ್ಗಾ ಸುಶ್ಮಿತಾಳ ಮುಖ ನೋಡಿದಳು. ಅತ್ತು ಅತ್ತು ಕಣ್ಣು ಊದಿದ್ದವು. ಆದರೂ ಆ ಒಂದು ಮಾತಿನಲ್ಲಿ ಅವಳು ಬಾಗಲಿಲ್ಲ. ಮನೆ ಬಿಡಲು ತಯಾರಾದವಳು ಬಣ್ಣದ ಮಾತು ಬಿಡಲು ತಯಾರಿರಲಿಲ್ಲ. ಇಂಥ ಹಟ ಪೊಲೀಸರಿಗೆ ಉಪಯೋಗಕ್ಕೆ ಬರುತ್ತದೆ.

"ಸುಶ್ಮಿತಾ, ನಿನ್ನ ಪ್ರಿಂಟರ್ ಸುಳ್ಳ ಹೇಳೂದಿಲ್ಲ ಅಂತ ಇಲ್ಲೇ, ಎಲ್ಲಾರ ಮುಂದ ತೋರ್ಸು," ಎಂದಳು. "ತೋರ್ಸಿದ್ರ ಇವತ್ತ ನೀ ಈ ಮನಿ ಬಿಟ್ಟು ಹೋಗಂಗಿಲ್ಲ. ಅದು ನನ್ನ ಮಾತು."

ಹೋಗಂಗಿಲ್ಲ ಎಂದರೆ ಏನೇನು ಅರ್ಥ ಎಂಬುದನ್ನು ಅವಳು ಬಿಡಿಸಿ ಹೇಳಲಿಲ್ಲ. ಸುಶ್ಮಿತಾ ಕೇಳಲೂ ಇಲ್ಲ. ಮಗಳು ಮಲಗಿದ್ದ ಕೋಣೆಯ ಬಾಗಿಲ ಕಡೆ ಒಂದು ಸಲ ನೋಡಿ, ಸೆರಗು ಸಿಕ್ಕಿಸಿಕೊಂಡು ಮೇಜಿನ ಮುಂದೆ ಕೂತಳು.

ಮೊದಲು ಒಂದು ಸಾದಾ ಹಾಳೆ ಹಾಕಿದಳು. ಅದರ ಮೇಲೆ ಕೂದಲೆಳೆಯಂಥ ಬಣ್ಣಬಣ್ಣದ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಮೂಡಿ ಬಂದವು.

"ಶಾಯಿ ಬರೂ ತೂತು ಕಟ್ಟಿದ್ರ ಈ ಗೆರಿ ನಡುವ ಹರೀತಾವ್ರಿ. ಹಸರ ಕಟ್ಟಿದ್ರ ಮಾರಿ ಕೆಂಪ, ಕೆಂಪ ಕಟ್ಟಿದ್ರ ಮಾರಿ ಹಸರ."

"ಹಸರು ಶಾಯಿ ಎಲ್ಲೈತವ್ವಾ ಇದ್ರಾಗ?" ಯಮನೂರಸಾಬ ಬಗ್ಗಿ ನೋಡಿದ. ಅವನಿಗೆ ಮನೆಯಲ್ಲಿ ಮೊಮ್ಮಕ್ಕಳ ಫೋಟೋ ಬಹಳ.

"ಇಲ್ಲ ಕಾಕಾ, ತಪ್ಪಿ ಅಂದೆ. ನೀಲಿ. ನೀಲಿ ಶಾಯಿ ನಿಂತ್ರ ಕೆಂಪ ಮ್ಯಾಲ ಬರತೈತಿ. ನೋಡ್ರಿ, ನೀಲಿ ಒಂದೂ ಹರದಿಲ್ಲ."

ಹರಿದಿರಲಿಲ್ಲ. ದುರ್ಗಾ ಹಾಳೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಗೆರೆಯ ಮೇಲೆ ಉಗುರು ಓಡಿಸಿ ನೋಡಿದಳು.

ಆಮೇಲೆ ಸುಶ್ಮಿತಾ ಹೊಳಪಿನ ಕಾಗದ ಹಾಕಿದಳು, ಯಾವ ಕಾಗದ ಹಾಕಿದ್ದೇನೆಂದು ಪ್ರಿಂಟರಿಗೆ ತಿಳಿಸಿದಳು. ಹೊಳಪಿನದು ಹಾಕಿ ಸಾದಾ ಎಂದು ಸುಳ್ಳು ಹೇಳಿದರೆ ಶಾಯಿ ಲೆಕ್ಕ ತಪ್ಪಿ ಸುರಿಯುತ್ತದಂತೆ. ಪರದೆಯ ಬೆಳಕನ್ನು ಮುಕ್ಕಾಲು ಇಳಿಸಿದಳು. ಪರದೆ ಉರಿಯುವಂತೆ ಇಟ್ಟುಕೊಂಡವರಿಗೆ ಪ್ರಿಂಟು ಯಾವತ್ತೂ ಕಪ್ಪಾಗಿಯೇ ಕಾಣುತ್ತದೆ, ಆಗ ಅವರು ತಿದ್ದಬಾರದ್ದನ್ನೆಲ್ಲ ತಿದ್ದುತ್ತಾರೆ ಎಂದಳು. ಫೋನಿನಿಂದ ಬಂದ ಚಿತ್ರವನ್ನು ಇದ್ದ ಹಾಗೆಯೇ ಬಿಟ್ಟಳು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ತವರಿಗೆ ಹೊರಟವಳು ಎನ್ನುವುದು ಅವಳಿಗೇ ಮರೆತಂತಿತ್ತು.

ಪ್ರಿಂಟು ಬಂತು. ಗದಿಗೆವ್ವ ಕೈ ಚಾಚಿದಳು.

"ಈಗ ಬ್ಯಾಡ್ರಿ ಅತ್ತಿ. ಹಸಿ ಐತಿ. ಆರಿದ ಮ್ಯಾಲ ಖರೆ ಬಣ್ಣ."

"ಹೆಣಾ ಆರಿದ್ರೂ ನಿನ್ನ ಬಣ್ಣ ಆರಲಿಲ್ಲಲ್ಲವಾ."

ಹೊರಗೆ ಕಟ್ಟೆಯ ಮೇಲೆ ಪುಂಡಲೀಕಪ್ಪ ಕೆಮ್ಮಿದ.

ಕಾಗದ ಆರುವ ತನಕ ದುರ್ಗಾ ವೀರೇಶನನ್ನು ನೋಡುತ್ತ ಕೂತಳು. ಅವನು ಫೋಟೋ ನೋಡುತ್ತಿರಲಿಲ್ಲ. ಮೊಬೈಲು ತೆಗೆಯುತ್ತಿದ್ದ, ಇಡುತ್ತಿದ್ದ.

"ಕೆಂಪು ತೆಗಿ ಅಂತ ಮೊದಲ ಹೇಳಿದವ್ರು ಯಾರು?" ಎಂದು ಕೇಳಿದಳು.

"ಎಲ್ಲಾರೂ ಹೇಳಿದ್ವಿ."

"ಮೊದಲ?"

"ಇವರ್ರಿ," ಎಂದಳು ಸುಶ್ಮಿತಾ, ಬೆನ್ನು ತಿರುಗಿಸಿಕೊಂಡೇ. "ಹೂಳಿ ಬಂದ ದಿನಾನ. ಫೋನಿನ್ಯಾಗಿಂದೂ ಅಳಿಸು ಅಂದ್ರು. ನಾ ಅಳಿಸಲಿಲ್ಲ."

"ಹೆಂಡ್ತಿ ಮರ್ಯಾದಿ ಉಳಿಸಾಕ ಹೇಳಿದ್ರ ಅದೂ ತಪ್ಪಾತು," ಎಂದ ವೀರೇಶ. "ಬರಕೋರಿ ಮೇಡಂ, ಅದನ್ನೂ ಬರಕೋರಿ."

ದುರ್ಗಾ ಎದ್ದು, ಆರಿದ ಪ್ರಿಂಟನ್ನು ಟ್ಯೂಬ್‌ಲೈಟಿನ ಕೆಳಗಿಂದ ತೆಗೆದು ತಲೆಬಾಗಿಲಿಗೆ ಒಯ್ದಳು. ಹೊಸ್ತಿಲ ಮೇಲೆ ಒಳ್ಳೆಯ ಬಿಸಿಲಿನ ಬೆಳಕಿತ್ತು.

"ಗದಿಗೆವ್ವಾರ, ದೇವರ ಜಗಲಿ ಮ್ಯಾಲಿಂದು ವಿಭೂತಿ ಗಟ್ಟಿ ತರ್ರಿ. ಅವತ್ತ ಸಾವಕಾರ್ಗೆ ಹಚ್ಚಿದ್ದು."

"ಅದ್ಯಾಕ ನಿಮಗ?"

"ತರ್ರಿ."

ಗದಿಗೆವ್ವ ತಂದಳು. ದುರ್ಗಾ ಅಂಗೈ ಚಾಚಿದಳು. ಮುದುಕಿ ಆ ಅಂಗೈಯನ್ನು ನೋಡಿದಳು, ಒಂದು ಹಾಳೆಯ ಮೇಲೆ ಮೊಳದೆತ್ತರದಿಂದ ಗಟ್ಟಿಯನ್ನು ಬಿಟ್ಟಳು. ಅದು ಎರಡು ತುಂಡಾಯಿತು. ದುರ್ಗಾ ಒಂದು ತುಂಡು ಎತ್ತಿಕೊಂಡು, ಪ್ರಿಂಟಿನಲ್ಲಿ ಅಂದಪ್ಪನ ಹಣೆಯ ಪಕ್ಕಕ್ಕೇ ಇಟ್ಟಳು.

"ಎಲ್ಲಾರೂ ಬರ್ರಿ. ಯಾವುದು ಕಾಗದಾ, ಯಾವುದು ವಿಭೂತಿ, ಹೇಳ್ರಿ."

ಹಣೆಯ ಮೇಲಿನ ಮೂರು ಗೆರೆ, ಕಾಗದದ ಮೇಲಿನ ತುಂಡು, ಎರಡೂ ಒಂದೇ ಬಿಳುಪು. ಬೂದಿಯ ಬಿಳುಪು. ಅದರಲ್ಲಿ ಕೆಂಪಿನ ಸುಳಿವೂ ಇರಲಿಲ್ಲ.

"ಪ್ರಿಂಟರು ಕೆಂಪು ಕೂಡಿಸಿದ್ರ ವಿಭೂತಿಗೂ ಕೂಡಿಸತಿತ್ತು," ಎಂದಳು ದುರ್ಗಾ. "ಧೋತರಕ್ಕೂ ಕೂಡಿಸತಿತ್ತು. ಅದಕ್ಕೇನು ಹಣಿ ಗೊತ್ತು, ತುಟಿ ಗೊತ್ತು?"

ಅವಳು ವಿಭೂತಿಯ ತುಂಡನ್ನು ಪಕ್ಕಕ್ಕಿಟ್ಟು ಪ್ರಿಂಟನ್ನು ಎತ್ತಿಕೊಂಡಳು.

"ಇಷ್ಟಕ್ಕ ಮುಗೀಲಿಲ್ಲ. ಗದಿಗೆವ್ವಾರ, ಹಿಂಗ ಬೆಳಕಿಗೆ ನಿಂದ್ರಿ."

ಅವಳು ಪ್ರಿಂಟನ್ನು ಮುದುಕಿಯ ಗಲ್ಲದ ಪಕ್ಕಕ್ಕೆ ಹಿಡಿದಳು. ಫೋಟೋದಲ್ಲಿ ಗಂಡನ ಮಗ್ಗುಲಿಗೆ ಕೂತ ಗದಿಗೆವ್ವ ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ ಇಟ್ಟುಕೊಂಡಿದ್ದಳು. ಇಲ್ಲಿ ನಿಂತವಳ ಹಣೆ ಬೋಳು, ಕೈ ಬೋಳು. ಗಲ್ಲದ ಬಣ್ಣ ಮಾತ್ರ ಎರಡೂ ಕಡೆ ಒಂದೇ ಗೋಧಿಗೆಂಪು.

ಮುದುಕಿ ಓರೆಗಣ್ಣಿನಿಂದ ತನ್ನ ಆ ಕುಂಕುಮವನ್ನು ನೋಡಿದಳು. ದುರ್ಗಾ ಬೇಕೆಂತಲೇ ಪ್ರಿಂಟನ್ನು ಇನ್ನಷ್ಟು ಹೊತ್ತು ಅಲ್ಲೇ ಹಿಡಿದಿದ್ದಳು.

"ಜೀವ ಇದ್ದವ್ರೆಲ್ಲಾ ಇದ್ದಂಗ ಬಂದೀರಿ. ಒಬ್ಬವ್ರ ಕೆಂಪ."

"ಹಂಗಾರ ಅದು ಕಳಿ," ಎಂದಳು ಗದಿಗೆವ್ವ, ಪ್ರಿಂಟನ್ನು ಮುಖದಿಂದ ದೂಡಿ. "ಲಿಂಗದಾಗ ಬೆರತವ್ರ ಮಾರಿ ಮ್ಯಾಲ ಕಳಿ ಬರತೈತಿ. ನಿಮಗೆಲ್ಲಿ ತಿಳೀಬೇಕು ಅದು."

"ಕಳಿ ಉಗುರಿಗೆ ಬರೂದಿಲ್ರಿ."

ದುರ್ಗಾ ಬೆರಳಿಟ್ಟು ತೋರಿಸಿದಳು. ತೊಡೆಯ ಮೇಲೆ ಜೋಡಿಸಿಟ್ಟ ಕೈಗಳ ಉಗುರು ಮಾಗಿದ ತೊಂಡೆಹಣ್ಣಿನಂತೆ ಕೆಂಪಗಿದ್ದವು. ಕಿವಿಯ ಹಾಲೆ ಕೆಂಪು. ಸತ್ತವರ ಉಗುರು ಬೆಳ್ಳಗಾಗಬೇಕು, ಇಲ್ಲವೆ ನೀಲಿ. ಹೆಣ ತೊಳೆದು ಗೊತ್ತಿದ್ದವರಿಗೆಲ್ಲ ಇದು ಗೊತ್ತು. ಆದರೆ ಆ ಮನೆಯವರು ಒಬ್ಬರೂ ಹೆಣವನ್ನು ಕಣ್ಣಿಟ್ಟು ನೋಡಿರಲಿಲ್ಲ, ಫೋಟೋವನ್ನು ನೋಡಿದ್ದರು. ಫೋಟೋದಲ್ಲಿ ಕಂಡ ಬಣ್ಣವನ್ನು ಫೋಟೋದ ತಲೆಗೇ ಕಟ್ಟಿದ್ದರು.

ಸುಶ್ಮಿತಾ ಮೊದಲ ಸಲ ತಲೆ ಎತ್ತಿ ಅತ್ತೆಯನ್ನು ನೇರ ನೋಡಿದಳು. "ನಾ ಹೇಳಿದ್ದೆನಲ್ರಿ. ನನ್ನ ಬಣ್ಣ ಬರೋಬ್ಬರಿ ಐತಿ." ತುಟಿಯ ಕೊನೆಗೆ ನಗೆಯಂಥದ್ದು ಬಂದಿತ್ತು.

ಆ ನಗೆ ಪೂರ್ತಿ ಅರಳಲು ದುರ್ಗಾ ಬಿಟ್ಟಳು. ಆಮೇಲೆ ಹೇಳಿದಳು:

"ಬರೋಬ್ಬರಿ ಐತಿ. ಅದಕ್ಕ ನಿಮ್ಮ ಮಾವನ್ನ ಹೊಲದಾಗಿಂದ ಅಗದು ತೆಗಸ್ತೀವಿ. ಇದು ಎದಿ ನಿಂತು ಸತ್ತ ಬಣ್ಣ ಅಲ್ಲ. ಮುಚ್ಚಿದ ಕೋಣ್ಯಾಗ ಇದ್ದಲಿ ಕೆಂಡ ಇಟ್ಟು ಸತ್ತ ಬಣ್ಣ. ಹೊಗಿ ನಿಂತ ಮ್ಯಾಲ ಬರೂ ವಿಷಾ ಅದು. ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ಹತ್ತೂದಿಲ್ಲ. ಈ ಮನ್ಯಾಗ ಕೆಂಡದ ಶೆಗಡಿ ಯಾರ ಕೈಯಾಗಿತ್ತು?"

ಸುಶ್ಮಿತಾಳ ನಗೆ ಅಲ್ಲೇ ಆರಿತು.

"ಇಕಿ ಕೈಯಾಗ," ಎಂದಳು ಗದಿಗೆವ್ವ, ಸೊಸೆ ಬಾಯಿ ತೆರೆಯುವ ಮೊದಲೇ. "ಮಗಳು ನೀಲಗಂಗವ್ವ ಬಾಣಂತನಕ್ಕ ಬಂದಿದ್ಲು. ದಿನಾ ಸಂಜೀಕ ಕೆಂಡ ತುಂಬಿ ಶೆಗಡಿ ಇಡಾಕಿ ಇಕಿನ. ಇಕಿನ ಅದು ಮಾಡ್ಯಾಳ. ನನಗವತ್ತ ತಿಳೀಬೇಕಿತ್ತು."

"ನಾ ಬಾಣಂತಿ ಕೋಣ್ಯಾಗ ಇಟ್ಟೀನ್ರಿ ಮೇಡಂ. ಮಾವಾರ ಕೋಣಿಗೆ ಒಯ್ದಿಲ್ಲ. ನನ್ನ ಮಗಳ ಮ್ಯಾಲ ಆಣಿ."

"ಆಕಿ ನಿನ್ನ ಮಗಳಲ್ಲ ಇನ್ನ."

ದುರ್ಗಾ ಮುಂಡರಗಿಗೆ, ಗಂಡನ ಮನೆಗೆ ಹೋಗಿದ್ದ ನೀಲಗಂಗವ್ವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹೊಸ್ತಿಲ ಮೇಲಿಟ್ಟಳು. ಕೂಸಿನ ಅಳು ಮೊದಲು ಬಂತು, ಆಮೇಲೆ ದನಿ.

"ಅವತ್ತ ರಾತ್ರಿ ಶೆಗಡಿ ನಿಮ್ಮ ಕೋಣ್ಯಾಗ ಇತ್ತೇನ್ರಿ?"

"ಇಟ್ಟಿದ್ರು ಖರೆ. ಕೂಸು ಕೆಮ್ಮಾಕತ್ತಿತ್ತು, ಒಯ್ಯಿ ಅಂದೆ. ಒಯ್ದಳು."

"ಯಾರು? ಸುಶ್ಮಿತಾನ?"

"ಇಲ್ರಿ. ಅವ್ವ."

ಗದಿಗೆವ್ವ ಹೊಸ್ತಿಲ ಮೇಲಿನ ಫೋನನ್ನು ಹಾವು ನೋಡಿದಂತೆ ನೋಡಿದಳು. ಫೋನಿನೊಳಗೆ ಮಗಳು ಏನಾತ್ರಿ, ಯಾಕ್ರಿ ಎಂದು ಕೇಳುತ್ತಲೇ ಇದ್ದಳು. ದುರ್ಗಾ ಬಂದ್ ಮಾಡಿದಳು.

ಮುದುಕಿ ಗೋಡೆ ಹಿಡಿದು ಕೆಳಗೆ ಕೂತಳು. ಆಗ ಆಡಿದ ಮಾತು ದುರ್ಗಾಳಿಗೆ ಹೇಳಿದ್ದಾಗಿರಲಿಲ್ಲ.

"ಚಳಿ ಅಂದ್ರು. ಕಾಲು ಸೆಟದಾವ ಅಂದ್ರು. ಕೆಡಿಸೂದ್ಯಾಕ ಕೆಂಡಾ ಅಂತ ಹೊರಸಿನ ಬಾಜೂಕ ಇಟ್ಟೆ." ಅವಳು ತನ್ನ ಎರಡೂ ಕೈ ನೋಡಿಕೊಂಡಳು. "ನಾನ ಇಟ್ಟೆ. ಹೊದಿಸಿದೆ. ಬಾಗಲಾ ನಾನ ಎಳಕೊಂಡೆ."

ವೀರೇಶ ಬಗ್ಗಿ ಅವಳ ಭುಜದ ಮೇಲೆ ಕೈ ಇಟ್ಟ. "ಆತು ಬಿಡಬೇ. ನಿನಗೇನ ಗೊತ್ತಿತ್ತು. ಮೇಡಂ, ಮುದುಕಿ ತಿಳೀದ ಮಾಡ್ಯಾಳ. ಇಲ್ಲಿಗೆ ಮುಗಸ್ರಿ."

ಆ ಮಾತು ಬಹಳ ಸಲೀಸಾಗಿ ಬಂತು ಎನಿಸಿತು ದುರ್ಗಾಳಿಗೆ. ಅಪ್ಪ ಹೇಗೆ ಸತ್ತ ಎಂದು ಈಗಷ್ಟೇ ತಿಳಿದ ಮಗನ ಮಾತಿನಂತಿರಲಿಲ್ಲ.

"ಆದ್ರ ಬೆಳಕಿಂಡಿ ತೆರದಿತ್ತು," ಎಂದಳು ಗದಿಗೆವ್ವ, ಮಗನ ಕೈಯನ್ನು ಗಮನಿಸದೆ. "ಮಾಳಿಗಿ ಬೆಳಕಿಂಡಿ. ತಲಿ ಎತ್ತಿ ನೋಡೀನಿ ನಾನು. ಚುಕ್ಕಿ ಕಂಡಾವು. ಹೊಗಿ ಹೋಗ್ತೈತಿ ಬಿಡು ಅಂತನ ಹೋಗಿ ಮಲಗೀನಿ."

"ಮುಂಜಾನಿ?"

"ಮುಂಜಾನಿ ಕೋಣಿ ಕತ್ತಲಿತ್ತು. ಮ್ಯಾಲಿಂದ ಅರಿವಿ ತುರುಕಿದ್ರು. ಚಳಿಗೆ ಯಾರೋ ಮುಚ್ಯಾರ ಅಂತ ಬಡಿಗಿಲೆ ಎಳದು ಕೆಡವಿದೆ."

ಯಮನೂರಸಾಬ ಅಷ್ಟು ಹೊತ್ತು ಗೋಡೆಗೊರಗಿದ್ದವನು ನೆಟ್ಟಗೆ ನಿಂತ. ಮಾಳಿಗೆ ಹತ್ತಿದವನಿಗಷ್ಟೇ ಅಲ್ಲಿಗೆ ಕೈ ಎಟುಕುತ್ತದೆ.

"ಎಂಥಾ ಅರಿವಿ?" ದುರ್ಗಾ ಅವಳೆದುರು ಕುಕ್ಕರಗಾಲಲ್ಲಿ ಕೂತಳು.

"ಹಳೇ ಧೋತರದ ತುಂಡು. ಕೆಂಪ, ನೀಲಿ ಬಣ್ಣದ ಕಲಿ ಇದ್ವು ಅದಕ್ಕ, ತುಂಬ."

ವೀರೇಶ ಮೇಜಿನ ಕಡೆ ನೋಡಿದ. ಅವನು ನೋಡಿದ್ದರಿಂದ ಎಲ್ಲರೂ ನೋಡಿದರು. ಪ್ರಿಂಟರಿನ ಪಕ್ಕದಲ್ಲಿ ಶಾಯಿ ಒರೆಸುವ ಅರಿವೆ ಮಡಚಿಟ್ಟಿತ್ತು. ಹಳೇ ಧೋತರದ ತುಂಡು, ಕೆಂಪು ನೀಲಿ ಕಲೆ.

"ಅಯ್ಯೋ ಶಿವನ," ಎಂದ ವೀರೇಶ ಮೆಲ್ಲಗೆ. "ಲೇ, ಏನ ಮಾಡಿದಿ ನೀನು?"

ಸುಶ್ಮಿತಾ ಅಳಲಿಲ್ಲ. ಅತ್ತೆಯನ್ನು ಕೇಳಿದಳು: "ಅತ್ತಿ, ಆ ಅರಿವಿ ಏನ ಮಾಡಿದ್ರಿ?"

"ಒಗದೆ. ಸಾಬಾಣ ಹಚ್ಚಿದೆ, ಸೋಡಾ ಹಾಕಿ ಕುದಿಸಿದೆ. ಹೋಗ್ಲಿಲ್ಲ ಆ ಹಾಳ ಬಣ್ಣ. ಹಂಗ ಮಡಚಿ ಕಟಗಿ ಸಂದಕದಾಗ ಇಟ್ಟೀನಿ."

ಸುಶ್ಮಿತಾ ಮೊದಲು ತೆಗೆದ ಸಾದಾ ಹಾಳೆಯನ್ನು ಎತ್ತಿಕೊಂಡಳು. ಚಹಾದ ತಾಟಿನಲ್ಲಿದ್ದ ನೀರಿನ ಲೋಟದಲ್ಲಿ ಬೆರಳು ಅದ್ದಿ, ಬಣ್ಣದ ಗೆರೆಗಳ ಮೇಲೆ ಎಳೆದಳು. ಗೆರೆಗಳು ಕರಗಿ, ಒಂದರೊಳಗೊಂದು ಹರಿದು, ಹಾಳೆಯ ಅಂಚಿನಿಂದ ತೊಟ್ಟಿಕ್ಕಿದವು. 



"ನನ್ನ ಶಾಯಿ ನೀರಿಗೇ ಹೋಗತೈತ್ರಿ ಮೇಡಂ. ಸಾಬಾಣ ಬೇಕಾಗಿಲ್ಲ. ಕುದಿಸಿದ್ರೂ ಹೋಗದಂಥಾ ಬಣ್ಣ ನನ್ನ ಕಡೆ ಇಲ್ಲ." ಅವಳು ಗಂಡನ ಹೆಸರು ಹೇಳಲಿಲ್ಲ. "ಮೆಣಸಿನಕಾಯಿ ಚೀಲದ ಮ್ಯಾಲ ಮಾರ್ಕಾ ಹಾಕೂ ಬಣ್ಣ ಹೋಗೂದಿಲ್ಲ. ಮಳಿಗೂ ಹೋಗೂದಿಲ್ಲ."



ಗದಿಗೆವ್ವ ನಿಧಾನಕ್ಕೆ ಮಗನನ್ನು ನೋಡಿದಳು. ಮುಖವನ್ನಲ್ಲ, ತನ್ನ ಭುಜದ ಮೇಲಿದ್ದ ಅವನ ಕೈಯನ್ನು. ಅವನು ಕೈ ತೆಗೆದುಕೊಂಡ.

"ಗದಿಗೆವ್ವಾರ, ಆ ಸಂದಕ ಎಲ್ಲೈತಿ?"

ಮುದುಕಿಯ ಕಣ್ಣು ಒಣಗಿದ್ದವು. ಅವಳು ಸೆರಗು ಸರಿಮಾಡಿಕೊಂಡಳು, ಬೆನ್ನು ನೆಟ್ಟಗೆ ಮಾಡಿಕೊಂಡಳು. ಗಂಡನನ್ನು ಕಳೆದುಕೊಂಡವಳು ಈಗ ಉಳಿದದ್ದನ್ನು ಎಣಿಸಿಕೊಂಡಂತಿತ್ತು.

"ಸಂದಕದಾಗ ಇಲ್ಲ," ಎಂದಳು. "ತಪ್ಪಿ ಅಂದೆ. ಒಲಿಗೆ ಹಾಕೀನಿ. ಕುದಿಸಿಲ್ಲ, ಏನಿಲ್ಲ. ಸೊಸಿ ಅರಿವಿನ ಅದು. ಆ ಮಿಶಿನ್ನಿಂದು. ನಾ ಕಣ್ಣಾರೆ ಗುರ್ತ ಹಿಡದೀನಿ, ಬರಕೋರಿ."

"ಅತ್ತಿ," ಎಂದಳು ಸುಶ್ಮಿತಾ.

"ಯಾರ ಅತ್ತಿಲೇ ನಿನಗ?"

ಕಟ್ಟೆಯ ಮೇಲಿದ್ದ ಪುಂಡಲೀಕಪ್ಪ ಎದ್ದು ಬಾಗಿಲಿಗೆ ಬಂದಿದ್ದ. ಒಳಗೆ ಬರಲೋ ಬೇಡವೋ ಎಂದು ಟೊಪ್ಪಿಗೆ ಹಿಂಡುತ್ತ ನಿಂತ. ದುರ್ಗಾ ಅವನನ್ನು ತಡೆಯಲು ಒಂದು ಸಲ ಆ ಕಡೆ ತಿರುಗಿದಳು, ಅಷ್ಟೆ.

"ನೀರ ಕುಡದು ಬರ್ತೀನಿ," ಎನ್ನುತ್ತ ವೀರೇಶ ನಡುಮನೆ ದಾಟಿದ್ದ.

ಅವಸರವೇನೂ ಇರಲಿಲ್ಲ ಅವನ ನಡಿಗೆಯಲ್ಲಿ. ನೀರಿನ ಕೊಡ ಎಡಕ್ಕಿತ್ತು. ಅವನು ಬಲಕ್ಕೆ ಹೊರಳಿದ. ಒಂದು ಬಾಗಿಲು ಮುಚ್ಚಿತು; ಒಳಗಿನಿಂದ ಚಿಲಕ ಬಿತ್ತು.

"ಸಂದಕ ಆ ಕೋಣ್ಯಾಗ ಐತೇನ?" ಎಂದು ದುರ್ಗಾ ಓಡುತ್ತಲೇ ಕೇಳಿದಳು.

ಗದಿಗೆವ್ವ ಮುಖ ಆಚೆ ತಿರುಗಿಸಿದಳು. ಬಾಗಿಲ ಸಂದಿಯಿಂದ ಸೀಮೆಎಣ್ಣೆಯ ವಾಸನೆ ಹೊರಬಂತು. ದುರ್ಗಾಳ ತೋಳನ್ನು ಹಿಂದಿನಿಂದ ಸುಶ್ಮಿತಾ ಹಿಡಿದುಕೊಂಡಳು.

"ಮೇಡಂ. ನನ್ನ ಮಗಳು ಒಳಗ ಮಲಗ್ಯಾಳ."